ಹಿನ್ನೀರಿನ ಮೇಲೆ ಹತ್ತು ಹುಟ್ಟು, ಒಂದು ಡ್ರಮ್

ಈ ಸಲ ಕಾರ್ತಿಕ ಮುಗಿಯುವ ಹೊತ್ತಿಗೆ ನಮ್ಮ ಶರಾವತಿ ಹಿನ್ನೀರಿನಲ್ಲಿ ಡ್ರ್ಯಾಗನ್ ಬೋಟ್ ಓಟ ನಡೆಯಿತು. ಊರ ಮಟ್ಟದ್ದು. ಹೊಳೆಯ ಆಚೆ ಈಚೆಯ ಹಳ್ಳಿಗಳಿಂದ, ಸಾಗರ ಪೇಟೆಯಿಂದ, ಕಾಲೇಜುಗಳಿಂದ ತಂಡಗಳು ಬಂದಿದ್ದವು. ನಮ್ಮದು ಹೆಂಗಸರ ತಂಡ. ಸ್ತ್ರೀಶಕ್ತಿ ಸಂಘದವರು ಜಾಸ್ತಿ, ಒಬ್ಬರು ಆಶಾ ಕಾರ್ಯಕರ್ತೆ, ಇಬ್ಬರು ಕಾಲೇಜು ಹುಡುಗಿಯರು, ಸೊಸೈಟಿಯಲ್ಲಿ ಲೆಕ್ಕ ಬರೆಯುವ ನಾನು. ನನ್ನ ಜಾಗ ಎಡಗಡೆ ಮೂರನೇ ಸಾಲು. ದಡದಲ್ಲಿ ನಿಂತವರಿಗೆ ಬಣ್ಣದ ದೋಣಿ ಕಾಣುತ್ತದೆ, ಡ್ರಮ್ಮಿನ ಸದ್ದು ಕೇಳುತ್ತದೆ. ದೋಣಿಯೊಳಗೆ ಏನು ನಡೆಯುತ್ತದೆ ಅಂತ ಬಹಳ ಜನ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ದೋಣಿಗಳು ಲಾರಿಯಲ್ಲಿ ಬಂದವು. ಫೈಬರಿನವು. ದೊಡ್ಡ ಓಟಗಳಲ್ಲಿ ಬಳಸುವ ದೋಣಿ ಸುಮಾರು 12.5 ಮೀಟರ್ ಉದ್ದ ಇರುತ್ತದೆ. ಅದರಲ್ಲಿ 20 ಜನ ಹುಟ್ಟು ಹಾಕುತ್ತಾರೆ. ಮುಂದೆ ಡ್ರಮ್ ಬಾರಿಸುವವರು ಒಬ್ಬರು, ಹಿಂದೆ ಚುಕ್ಕಾಣಿಗೆ ಒಬ್ಬರು, ಒಟ್ಟು 22. ನಮ್ಮಲ್ಲಿಗೆ ಬಂದದ್ದು ಚಿಕ್ಕ ದೋಣಿ, 10 ಹುಟ್ಟಿನದು. ಐದು ಹಲಗೆ, ಹಲಗೆಗೆ ಇಬ್ಬರು. ಅಗಲ ಕಮ್ಮಿ, ಇಬ್ಬರು ಕೂತರೆ ತೊಡೆಗೆ ತೊಡೆ ತಾಗುತ್ತದೆ. ಡ್ರ್ಯಾಗನ್ನಿನ ತಲೆ, ಬಾಲ ಬೇರೆಯಾಗಿ ಗೋಣಿಯಲ್ಲಿ ಸುತ್ತಿಕೊಂಡು ಬಂದಿದ್ದವು. ಓಟದ ದಿನ ಮಾತ್ರ ಅವನ್ನು ಸಿಕ್ಕಿಸುತ್ತಾರೆ. ಅಭ್ಯಾಸಕ್ಕೆ ಬೋಳು ದೋಣಿಯೇ.

ನಮ್ಮ ಕಡೆಯವರಿಗೂ ಈ ನೀರಿಗೂ ಇರುವ ಸಂಬಂಧವನ್ನು ಮೊದಲು ಹೇಳಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿ ಕಣಿವೆಯ ಊರೂರೇ ಮುಳುಗಿತು. ಗದ್ದೆ, ತೋಟ, ದೇವಸ್ಥಾನ, ಎಲ್ಲ. ನಮ್ಮ ಅತ್ತೆಯ ತವರುಮನೆ ಇರುವುದು ಈಗ ನೀರಿನಡಿ. ಅದಕ್ಕೂ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಕೂಡ ಇದೇ ನೀರಿನೊಳಗಿದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದ ವರ್ಷ ಮಡೆನೂರಿನ ಹತ್ತಿರ ಅದು ಮೇಲೆ ಕಾಣುತ್ತದೆ, ಜನ ಗಾಡಿ ಮಾಡಿಕೊಂಡು ನೋಡಲು ಹೋಗುತ್ತಾರೆ. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಇದು. ನಮಗೆ ಮಾತ್ರ ದಾರಿ ಕಡಿಯಿತು. ಆಸ್ಪತ್ರೆ, ಕಾಲೇಜು, ಪೇಟೆ, ಎಲ್ಲಕ್ಕೂ ಲಾಂಚ್ ಕಾಯಬೇಕಿತ್ತು. ಸಂಜೆ ಕೊನೆಯ ಲಾಂಚ್ ತಪ್ಪಿತೋ, ಹೊಸನಗರದ ಕಡೆಯಿಂದ ಸುತ್ತಿ ಬರಬೇಕು, ಇಲ್ಲ ಬೆಳಗಾಗುವವರೆಗೆ ಈಚೆ ದಡದಲ್ಲೇ ಉಳಿಯಬೇಕು. ಹೆರಿಗೆ ನೋವು ಬಂದವರಿಗೂ ಅದೇ ಗತಿ. 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದ ಮೇಲೆ ಆ ಕಷ್ಟ ತಪ್ಪಿತು.

ಇಷ್ಟು ವರ್ಷ ನೀರಿನ ದಡದಲ್ಲೇ ಬದುಕಿದ್ದೇವೆ, ಆದರೆ ನಮ್ಮ ಹೆಂಗಸರಲ್ಲಿ ಈಜು ಬರುವವರು ಬಹಳ ಕಮ್ಮಿ. ಹುಡುಗರು ಹೇಗೋ ಕಲಿಯುತ್ತಾರೆ. ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದ ಕೇಳಿದ ಮಾತು ಒಂದೇ, ‘ನೀರಿನ ಹತ್ರ ಹೋಗ್ಬೇಡ’. ದಾಟಲೇಬೇಕಾದಾಗ ದಾಟುತ್ತಿದ್ದೆವು, ಆಚೆ ಇಳಿದ ಮೇಲೆ ಉಸಿರು ಬಿಡುತ್ತಿದ್ದೆವು. ಅದೇ ನೀರಿನ ಮೇಲೆ ಬರೀ ಖುಷಿಗೆ ಅಂತ ಹೋಗಬಹುದು ಅನ್ನುವುದು ನಮಗೆ ಹೊಸ ವಿಷಯ. ಪದಕಕ್ಕಿಂತ ಅದು ದೊಡ್ಡದು ಅಂತ ನಾನು ಈಗಲೂ ನಂಬುತ್ತೇನೆ.

ತರಬೇತಿ ಕೊಡಲು ಬಂದವರು ಕುಂದಾಪುರದ ಕಡೆಯವರು, ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದವರು. ಅವರು ಮೊದಲು ನಮ್ಮ ಕೈಗೆ ಹುಟ್ಟು ಕೊಡಲೇ ಇಲ್ಲ. ಲೈಫ್ ಜಾಕೆಟ್ ಹಾಕಿಸಿದರು. ಕೆಳಗಿನ ಪಟ್ಟಿ ಬಿಗಿ ಮಾಡಿಸಿ, ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿದರು. ಕಿವಿಯವರೆಗೆ ಏರಿದರೆ ಸಡಿಲ ಅಂತ ಲೆಕ್ಕ, ಮತ್ತೆ ಬಿಗಿ. ಆಮೇಲೆ ಎದೆಮಟ್ಟದ ನೀರಿಗೆ ಇಳಿಸಿ ಕಾಲು ನೆಲದಿಂದ ಬಿಡಲು ಹೇಳಿದರು.

ನನ್ನ ಪಕ್ಕ ನಮ್ಮ ಚಿಕ್ಕಮ್ಮ ಇದ್ದರು. ವಯಸ್ಸು ಐವತ್ತು ದಾಟಿದೆ. ತೋಟದ ಕೆಲಸಕ್ಕೆ, ಅಡಿಕೆ ಸುಲಿಯುವುದಕ್ಕೆ ಅವರನ್ನು ಮೀರಿಸುವವರು ಊರಲ್ಲಿಲ್ಲ. ಸೊಂಟದವರೆಗೆ ನೀರು ಬಂದದ್ದೇ ನನ್ನ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ಉಗುರು ಊರಿ ಗುರುತು ಬಿದ್ದಿತ್ತು. ‘ಕಾಲು ಬಿಡಿ ಅಮ್ಮ, ಜಾಕೆಟ್ ಎತ್ತುತ್ತೆ’ ಅಂದರು ಸರ್. ‘ನೀವು ಹಿಡ್ಕೊಂಡಿರಿ ಮಾರಾಯ್ರೆ, ಬಿಡ್ಬೇಡಿ’ ಅಂದರು ಚಿಕ್ಕಮ್ಮ. ಸರ್ ಬೆನ್ನ ಕೆಳಗೆ ಒಂದು ಅಂಗೈ ಇಟ್ಟರು. ಸ್ವಲ್ಪ ಹೊತ್ತಿನ ಮೇಲೆ ಎರಡು ಬೆರಳು. ಆಮೇಲೆ ಅದೂ ಇಲ್ಲ. ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಕಿವಿ ನೀರಿನೊಳಗಿದ್ದ ಕಾರಣ ನಾವು ಕೂಗಿದ್ದು ಅವರಿಗೆ ಕೇಳಲಿಲ್ಲ. ತಾವೇ ಕಣ್ಣು ಬಿಟ್ಟರು, ಸರ್ ಅಷ್ಟು ದೂರ ನಿಂತಿರುವುದು ಕಂಡಿತು. ‘ಏ ಪುಟ್ಟಿ, ನೀರು ಹೊತ್ಕೊಂಡಿದೆ ಕಣೇ!’ ಅಂತ ಜೋರಾಗಿ ಕೂಗಿದರು. ನನ್ನ ಮಣಿಕಟ್ಟು ಯಾವಾಗ ಬಿಟ್ಟಿದ್ದರೋ ಅವರಿಗೂ ಗೊತ್ತಿಲ್ಲ.

ದೋಣಿ ಮಗುಚಿದರೆ ಏನು ಮಾಡಬೇಕು ಅನ್ನುವುದನ್ನೂ ಅವತ್ತೇ ಮಾಡಿಸಿದರು. ದೋಣಿ ಬಿಟ್ಟು ದಡಕ್ಕೆ ಈಜಲು ಹೋಗಬಾರದು, ಅದನ್ನೇ ಹಿಡಿದುಕೊಂಡಿರಬೇಕು. ಹಲಗೆಯಲ್ಲಿ ಜೊತೆಗೆ ಕೂತವಳು ತಲೆ ಎತ್ತಿದ್ದಾಳಾ ಅಂತ ಮೊದಲು ನೋಡಬೇಕು. ಮುಂದಿನಿಂದ ನಂಬರ್ ಕೂಗುತ್ತಾ ಬರಬೇಕು. ಇದು ನನಗೆ ಬಹಳ ಹಿಡಿಸಿತು. ನಿನ್ನ ಪಕ್ಕದವಳ ಜೀವ ನಿನ್ನ ಲೆಕ್ಕದಲ್ಲಿ, ನಿನ್ನದು ಅವಳ ಲೆಕ್ಕದಲ್ಲಿ. ನನ್ನ ಹಲಗೆಯಲ್ಲಿ ಬಲಗಡೆ ಕೂತಿದ್ದವಳು ಬಿ.ಕಾಂ. ಓದುವ ಹುಡುಗಿ. ಅದಕ್ಕೆ ಮೊದಲು ಅವಳ ಪರಿಚಯವೂ ನನಗಿರಲಿಲ್ಲ.

ಇನ್ನು ಹುಟ್ಟು ಹಾಕುವ ವಿಷಯ. ಒಂದೇ ಅಲಗಿನ ಹುಟ್ಟು, ಮೇಲ್ತುದಿಯಲ್ಲಿ ಅಡ್ಡಹಿಡಿ. ಎಡಗಡೆ ಕೂತವರು ಎಡಗಡೆಯೇ ಹಾಕಬೇಕು, ಕೊನೆತನಕ ಬದಲಿಲ್ಲ. ಬಲಗೈ ಮೇಲಿನ ಹಿಡಿಯಲ್ಲಿ, ಎಡಗೈ ಅಲಗಿನ ಸ್ವಲ್ಪ ಮೇಲೆ. ಸೊಂಟ ದೋಣಿಯ ಅಂಚಿಗೆ ಒತ್ತಿರಬೇಕು, ಹೊರಗಿನ ಕಾಲು ಮುಂದಿನ ಹಲಗೆಯ ಬುಡಕ್ಕೆ ಊರಿರಬೇಕು. ಕೂತ ಜಾಗದಿಂದ ಮೈ ತಿರುಗಿಸಿ ಮುಂದಕ್ಕೆ ಚಾಚಿ, ಮುಂದಿನವಳ ತೊಡೆಯ ಪಕ್ಕದಲ್ಲಿ ನೀರಿಗೆ ಇಳಿಸಬೇಕು. ಅಲಗು ಪೂರ್ತಿ ಮುಳುಗಿದ ಮೇಲೆ ಎಳೆತ. ನಮ್ಮ ಸೊಂಟದ ಹತ್ತಿರ ಬಂದದ್ದೇ ಹೊರಗೆ ತೆಗೆದುಬಿಡಬೇಕು. ಅಲ್ಲಿಂದ ಹಿಂದಕ್ಕೆ ಎಳೆದರೆ ನೀರನ್ನು ಮೇಲಕ್ಕೆತ್ತಿದ ಹಾಗಾಗುತ್ತದೆ, ದೋಣಿ ಕೆಳಗೆ ಕೂರುತ್ತದೆ, ವೇಗ ಸಾಯುತ್ತದೆ.

ಎಲ್ಲರಿಗೂ ಕಷ್ಟ ಆದದ್ದು ನೀರಿಗೆ ಇಳಿಸುವ ಆ ಒಂದು ಕ್ಷಣ. ಇಳಿಯುವುದಕ್ಕೆ ಮೊದಲೇ ಎಳೆಯಲು ಶುರು ಮಾಡಿಬಿಡುತ್ತೇವೆ. ಆಗ ಅಲಗು ಗಾಳಿ ಎಳೆದುಕೊಂಡು ಹೋಗುತ್ತದೆ, ನೀರು ಚಿಮ್ಮುತ್ತದೆ, ಹಿಂದಿನವಳ ಮುಖ ಒದ್ದೆಯಾಗುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ. ‘ಹುಟ್ಟನ್ನ ಎಳೀಬೇಡಿ, ನೀರಲ್ಲಿ ನೆಡಿ. ಆಮೇಲೆ ನಿಮ್ಮನ್ನ ನೀವು ಅದರ ಹತ್ರಕ್ಕೆ ಎಳ್ಕೊಳ್ಳಿ’ ಅನ್ನುತ್ತಿದ್ದರು ಸರ್. ಯಾರಿಗೂ ಹಿಡಿತ ಸಿಗಲಿಲ್ಲ. ಚಿಕ್ಕಮ್ಮನೇ ದಾರಿ ತೋರಿಸಿದರು. ‘ಹಾರೆ ಹಾಕಿದ ಹಾಗೆ ಅಲ್ವಾ? ಮೊದ್ಲು ನೆಟ್ಟಗೆ ಇಳೀಬೇಕು, ಆಮೇಲೆ ಮೀಟೋದು. ಇಳೀದೆ ಮೀಟಿದ್ರೆ ಮಣ್ಣು ಏಳತ್ತಾ?’ ಅಷ್ಟು ಕೇಳಿದ್ದೇ ಹಿಂದಿನ ಎರಡು ಸಾಲು ಸರಿಹೋಯಿತು. ಅಡಿಕೆ ಗಿಡ ನೆಡಲು ಗುಂಡಿ ತೆಗೆದ ಮೈ ಎಲ್ಲರದ್ದೂ. ಅವತ್ತು ಮೊದಲ ಸಲ ದೋಣಿಯ ಮೂತಿ ಸ್ವಲ್ಪ ಎದ್ದದ್ದು ಕೂತಲ್ಲೇ ಗೊತ್ತಾಯಿತು.

ತೋಳಲ್ಲಿ ಎಳೆದರೆ ಬೇಗ ಸೋಲುತ್ತೇವೆ. ಬೆನ್ನು, ಪಕ್ಕೆ, ಹೊಟ್ಟೆ ಸೇರಬೇಕು, ಮೈ ತಿರುಗಬೇಕು. ಆದರೆ ಅದಕ್ಕಿಂತ ಮುಖ್ಯ, ಹತ್ತು ಹುಟ್ಟೂ ಒಂದೇ ಹೊತ್ತಿಗೆ ನೀರಿಗೆ ಬೀಳಬೇಕು. ಒಬ್ಬಳು ಚೂರು ತಡ ಮಾಡಿದರೆ ಉಳಿದವರ ಬಲಕ್ಕೆ ದೋಣಿ ಆಗಲೇ ಓಡುತ್ತಿರುತ್ತದೆ, ಅವಳ ಅಲಗಿಗೆ ಹಿಡಿಯಲು ನೀರೇ ಸಿಗುವುದಿಲ್ಲ. ಅವಳ ಹುಟ್ಟು ದೋಣಿಗೆ ತಡೆಯಾಗುತ್ತದೆ. ನಮ್ಮಲ್ಲಿ ಒಬ್ಬಳು ಗಟ್ಟಿಗಿತ್ತಿ ಇದ್ದಾಳೆ, ಅಕ್ಕಿ ಮೂಟೆ ಒಬ್ಬಳೇ ಎತ್ತುತ್ತಾಳೆ. ಅವಳು ಶಕ್ತಿ ಹಾಕಿ ಹಾಕಿದ ದಿನ ದೋಣಿ ನಿಧಾನವಾಯಿತು. ಅವಳ ಹುಟ್ಟು ಎಲ್ಲರಿಗಿಂತ ಮುಂಚೆ ಬೀಳುತ್ತಿತ್ತು. ಅವಳು ಅದನ್ನು ತಾನೇ ಕಂಡುಕೊಂಡು, ಬಲ ಕಮ್ಮಿ ಮಾಡಿ, ಮುಂದಿನವಳ ಬೆನ್ನನ್ನೇ ನೋಡುತ್ತಾ ಹಾಕಿದಳು. ದೋಣಿ ಓಡಿತು. ಇಷ್ಟು ಬಲ ಇರುವವಳು ತನ್ನ ಬಲವನ್ನು ತಡೆದು ಹಿಡಿಯುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಡ್ರಮ್ ಬಾರಿಸಿದ್ದು ನಮ್ಮ ಡೊಳ್ಳಿನ ಹುಡುಗಿ. ಸಾಗರದ ಕಡೆ ಹೆಣ್ಣುಮಕ್ಕಳ ಡೊಳ್ಳು ತಂಡಗಳಿರುವುದು ಗೊತ್ತಲ್ಲ. ಅವಳು ಹೈಸ್ಕೂಲಿನಿಂದ ಡೊಳ್ಳು ಕಟ್ಟಿದವಳು. ತಾಳದ ವಿಷಯದಲ್ಲಿ ನಮಗೆ ಚಿಂತೆಯೇ ಇಲ್ಲ ಅಂದುಕೊಂಡೆವು. ಡೊಳ್ಳಿನಲ್ಲಿ ತಾಳ ಏರುತ್ತಾ ಹೋಗುತ್ತದೆ, ನಡುವೆ ತಿರುವು, ಮುಕ್ತಾಯ ಎಲ್ಲ ಇರುತ್ತದೆ. ಕುಣಿಯುವವರು ಸದ್ದಿಗೆ ಹೆಜ್ಜೆ ಹಾಕುತ್ತಾರೆ. ದೋಣಿಯಲ್ಲಿ ಅದು ನಡೆಯುವುದಿಲ್ಲ. ಒಂದು ಹುಟ್ಟಿಗೆ ಒಂದೇ ಪೆಟ್ಟು. ಅದೂ ಅವಳು ತನ್ನ ಮನಸ್ಸಿಗೆ ಬಂದ ವೇಗದಲ್ಲಿ ಬಾರಿಸುವ ಹಾಗಿಲ್ಲ. ಅವಳು ನಮ್ಮ ಕಡೆ ಮುಖ ಮಾಡಿ ಕೂತು, ಮೊದಲ ಸಾಲಿನ ಇಬ್ಬರ ಅಲಗು ನೀರು ಮುಟ್ಟುವುದನ್ನು ನೋಡಿ, ಅದೇ ಕ್ಷಣಕ್ಕೆ ಪೆಟ್ಟು ಹಾಕಬೇಕು. ಹಿಂದಿನ ಸಾಲುಗಳಿಗೆ ಮೊದಲ ಸಾಲು ಸರಿಯಾಗಿ ಕಾಣುವುದಿಲ್ಲ. ಅವರಿಗೆ ಆ ತಾಳವನ್ನು ಮುಟ್ಟಿಸುವುದೇ ಡ್ರಮ್ಮಿನ ಕೆಲಸ. ಶುರುವಿನಲ್ಲಿ ಅವಳ ಕೈ ಕೇಳುತ್ತಲೇ ಇರಲಿಲ್ಲ, ಪೆಟ್ಟುಗಳ ನಡುವೆ ಸಣ್ಣದೊಂದು ಉರುಳಿಕೆ ಬಂದುಬಿಡುತ್ತಿತ್ತು. ಮನೆಯಲ್ಲಿ ಹಲಗೆಯ ಮೇಲೆ ಒಂಟಿ ಪೆಟ್ಟು ಹಾಕಿ ಹಾಕಿ ಅಭ್ಯಾಸ ಮಾಡಿದಳಂತೆ. ಓಟದ ಹೊತ್ತಿಗೆ ಅವಳ ಪೆಟ್ಟು ಎಷ್ಟು ಕರಾರುವಾಕ್ಕಾಗಿ ಬೀಳುತ್ತಿತ್ತು ಅಂದರೆ ಕೊನೇ ಸಾಲಿನವರು ಕಣ್ಣು ಮುಚ್ಚಿ ಹುಟ್ಟು ಹಾಕಿದರೂ ತಪ್ಪುತ್ತಿರಲಿಲ್ಲ.

ಯಾರು ಎಲ್ಲಿ ಕೂರಬೇಕು ಅನ್ನುವುದಕ್ಕೂ ಲೆಕ್ಕ ಇದೆ. ಸೊಸೈಟಿಯ ತೂಕದ ಯಂತ್ರದ ಮೇಲೆ ಎಲ್ಲರೂ ನಿಂತು ಬಂದೆವು. ಎಡ ಬಲ ತೂಕ ಸಮ ಇರಬೇಕು, ಇಲ್ಲದಿದ್ದರೆ ದೋಣಿ ವಾಲುತ್ತದೆ, ಚುಕ್ಕಾಣಿಯವರಿಗೆ ಕಷ್ಟ. ತಾಳ ತಪ್ಪದವರು ಮೊದಲ ಸಾಲಿಗೆ. ತೂಕದವರು, ಬಲದವರು ನಡುವೆ. ಅದಕ್ಕೆ ಎಂಜಿನ್ ರೂಮ್ ಅನ್ನುತ್ತಾರೆ. ಕೊನೇ ಸಾಲಿಗೆ ಬರುವ ನೀರು ಮುಂದಿನವರೆಲ್ಲ ಕಲಕಿಬಿಟ್ಟ ನೀರು, ಅದರಲ್ಲಿ ಹಿಡಿತ ಕಂಡುಕೊಳ್ಳುವವರು ಅಲ್ಲಿಗೆ. ಚಿಕ್ಕಮ್ಮ ಅಲ್ಲಿ ಕೂತರು.

ನಾಲ್ಕನೇ ಸಾಲಿನ ಅಕ್ಕನ ಬಗ್ಗೆ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಆ ಕಡೆಯ ಕೈಯಲ್ಲಿ ಭಾರ ಎತ್ತಬೇಡ ಅಂತ ಮನೆಯವರೆಲ್ಲ ಹೇಳಿ ಹೇಳಿ, ಅವರಿಗೆ ಆ ಕೈ ಇದ್ದೂ ಇಲ್ಲದ ಹಾಗಾಗಿತ್ತು. ಅವರ ಪ್ರಶ್ನೆ ಕೇಳಿ ಸರ್ ಒಂದು ವಿಷಯ ಹೇಳಿದರು. ಹಿಂದೆ ಡಾಕ್ಟರುಗಳೂ ಹಾಗೇ ನಂಬಿದ್ದರಂತೆ, ಆಪರೇಷನ್ ಆದವರು ಕೈಗೆ ಜೋರು ಕೆಲಸ ಕೊಟ್ಟರೆ ಬಾವು ಬರುತ್ತದೆ ಅಂತ. 1996ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಡಾನ್ ಮೆಕೆಂಜಿ ಅನ್ನುವ ಡಾಕ್ಟರು ಅಂಥ 24 ಹೆಂಗಸರನ್ನು ಸೇರಿಸಿ ಡ್ರ್ಯಾಗನ್ ಬೋಟ್ ತಂಡ ಕಟ್ಟಿದರು. ಸರಿಯಾಗಿ ಹಂತ ಹಂತವಾಗಿ ತಯಾರು ಮಾಡಿದರು. ಭಯಪಟ್ಟ ಹಾಗೆ ಬಾವು ಬರಲಿಲ್ಲ. ಈಗ ಬೇರೆ ಬೇರೆ ದೇಶಗಳಲ್ಲಿ ಕ್ಯಾನ್ಸರ್ ಗೆದ್ದವರ ತಂಡಗಳೇ ಇವೆ. ಅಕ್ಕ ತಮ್ಮ ಡಾಕ್ಟರನ್ನು ಕೇಳಿ, ಅವರು ಒಪ್ಪಿದ ಮೇಲೆಯೇ ದೋಣಿ ಹತ್ತಿದರು. ಆ ಕೈಯನ್ನೇ ಮೇಲಿನ ಹಿಡಿಗೆ ಇಟ್ಟುಕೊಂಡು, ಸ್ವಲ್ಪ ಸ್ವಲ್ಪವೇ ಜಾಸ್ತಿ ಮಾಡಿದರು. ಅವರು ಒಂದು ಸಲವೂ ತಮ್ಮ ಕಷ್ಟ ಹೇಳಿಕೊಳ್ಳಲಿಲ್ಲ. ಅಭ್ಯಾಸ ಮುಗಿದ ಮೇಲೆ ಆ ಕೈಯನ್ನು ತಾವೇ ಒಂದು ಸಲ ಮೇಲೆತ್ತಿ ನೋಡಿಕೊಳ್ಳುತ್ತಿದ್ದರು, ಅಷ್ಟೇ.

ಈ ಓಟದ ಮೂಲ ಚೀನಾದ್ದು. ಚು ರಾಜ್ಯದ ಕವಿ ಚು ಯುವಾನ್ ಮಂತ್ರಿಯೂ ಆಗಿದ್ದವನು. ದೇಶಭ್ರಷ್ಟನಾಗಿ, ತನ್ನ ನಾಡಿನ ರಾಜಧಾನಿ ವೈರಿಗಳ ಪಾಲಾದ ಸುದ್ದಿ ಕೇಳಿ, ಮಿಲುವೊ ನದಿಗೆ ಹಾರಿದ ಅನ್ನುತ್ತಾರೆ. ಕ್ರಿಸ್ತಪೂರ್ವ 278ರ ಸುಮಾರಿನ ಮಾತು. ಊರವರು ದೋಣಿ ಹತ್ತಿ ಹುಡುಕಲು ಓಡಿದರಂತೆ, ಮೀನು ಅವನ ಮೈ ಮುಟ್ಟದಿರಲಿ ಅಂತ ಡ್ರಮ್ ಬಾರಿಸಿದರಂತೆ, ಅನ್ನ ಎಸೆದರಂತೆ. ಅದರ ನೆನಪಿಗೆ ಅವರ ಪಂಚಾಂಗದ ಐದನೇ ತಿಂಗಳ ಐದನೇ ದಿನ ದೋಣಿ ಓಡಿಸುತ್ತಾರೆ, ಎಲೆಯಲ್ಲಿ ಸುತ್ತಿ ಬೇಯಿಸಿದ ಅಕ್ಕಿಯ ತಿಂಡಿ ಮಾಡುತ್ತಾರೆ. 1976ರಲ್ಲಿ ಹಾಂಗ್‌ಕಾಂಗಿನಲ್ಲಿ ಬೇರೆ ದೇಶದವರನ್ನೂ ಕರೆದು ಓಟ ನಡೆಸಿದ ಮೇಲೆ ಇದು ಹೊರಗೆಲ್ಲ ಹಬ್ಬಿತು. 2010ರ ಏಷ್ಯನ್ ಗೇಮ್ಸ್‌ಗೂ ಸೇರಿತು. ಸರ್ ಈ ಕಥೆ ಹೇಳಿದಾಗ ಅತ್ತೆಯೂ ದಡದಲ್ಲಿ ಕೂತು ಕೇಳಿಸಿಕೊಂಡರು. ನೀರಿಗೆ ಹೋದವರನ್ನು ಹುಡುಕಲು ಹೊರಟ ದೋಣಿ ಅಂದದ್ದು ಅವರಿಗೆ ತಟ್ಟಿತು. ‘ಹಾಗಾದ್ರೆ ಇದು ಬರೀ ಆಟ ಅಲ್ಲ, ಹೋಗ್ಲಿ ಬಿಡು, ನೀನು ಹೋಗು’ ಅಂದರು. ಅಲ್ಲಿಯವರೆಗೆ ಅವರಿಗೆ ನಾನು ದೋಣಿ ಹತ್ತುವುದು ಒಪ್ಪಿಗೆ ಇರಲಿಲ್ಲ.

ಓಟದ ದಾರಿ ಗುರುತು ಮಾಡಿದ್ದು ದೊಡ್ಡ ಕೆಲಸ. ಬೇರೆ ಕೆರೆಗಳಲ್ಲಿ ಈ ತೊಂದರೆ ಇರಲಿಕ್ಕಿಲ್ಲ. ನಮ್ಮ ಹಿನ್ನೀರಿನಲ್ಲಿ ಮುಳುಗಡೆ ಕಾಲದ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ಕೆಲವು ಮೇಲೆ ಕಾಣುತ್ತವೆ, ಅವುಗಳ ಭಯ ಇಲ್ಲ. ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗಿರುವವೇ ಅಪಾಯ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಕರೆಂಟಿಗೆ ನೀರು ಬಿಟ್ಟ ಹಾಗೆ ಮಟ್ಟ ಇಳಿಯುತ್ತಾ ಹೋಗುತ್ತದೆ. ಹೋದ ವಾರ ಆಳದಲ್ಲಿದ್ದ ಬೊಡ್ಡೆ ಈ ವಾರ ದೋಣಿಯ ತಳಕ್ಕೆ ಸಿಗಬಹುದು. ಮೀನು ಹಿಡಿಯುವ ಒಬ್ಬ ಅಜ್ಜನಿಗೆ ಇದೆಲ್ಲ ಬಾಯಿಪಾಠ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅದೇ ಜಾಗದಲ್ಲಿ ನಡೆದು ಬಂದವರು. ತಮ್ಮ ತೆಪ್ಪದಲ್ಲಿ ಮುಂದೆ ಹೋಗುತ್ತಾ ಉದ್ದ ಗಳು ಇಳಿಸಿ ನೋಡಿ, ‘ಇಲ್ಲಿ ಹೊನ್ನೆ ಬೊಡ್ಡೆ, ಇಲ್ಲಿ ಬೇಡ’ ಅಂತ ಹೇಳುತ್ತಾ ಹೋದರು. ಖಾಲಿ ಕ್ಯಾನಿಗೆ ನೈಲಾನ್ ಹಗ್ಗ, ಹಗ್ಗಕ್ಕೆ ಕಲ್ಲಿನ ಚೀಲ ಕಟ್ಟಿ 200 ಮೀಟರಿನ ಸಾಲುಗಳಾದವು. ಓಟದ ಹಿಂದಿನ ಸಂಜೆ ಅಜ್ಜ ಮತ್ತೊಮ್ಮೆ ಗಳು ಇಳಿಸಿ ನೋಡಿ ಬಂದರು. ವೇದಿಕೆಯ ಮೇಲೆ ಅವರಿಗೊಂದು ಶಾಲು ಹೊದಿಸಬೇಕಿತ್ತು. ಅದು ಆಗಲಿಲ್ಲ, ನನಗೆ ಅದರ ಬೇಜಾರು ಈಗಲೂ ಇದೆ.

ಓಟದ ದಿನ ಬೆಳಗ್ಗೆ ಮಂಜು. ಎದುರು ದಡ ಬಿಡಿ, ಹತ್ತು ಮಾರು ದೂರದ ಕ್ಯಾನು ಕೂಡ ಕಾಣುತ್ತಿರಲಿಲ್ಲ. ಮಧ್ಯಾಹ್ನ ಆದರೆ ಹಿನ್ನೀರಿನ ಮೇಲೆ ಗಾಳಿ ಏಳುತ್ತದೆ, ಅಲೆಗೆ ಚಿಕ್ಕ ದೋಣಿ ಅಡ್ಡ ಹೋಗುತ್ತದೆ. ಹಾಗಾಗಿ ಮಂಜು ಕರಗಿ ಗಾಳಿ ಏಳುವುದರೊಳಗೆ ಎಲ್ಲ ಓಟ ಮುಗಿಸಬೇಕು. ಕಾದೆವು. ಅವಲಕ್ಕಿ, ಬಾಳೆಹಣ್ಣು, ಬಿಸಿ ಕಷಾಯ ಹಂಚಿದರು. ದೋಣಿಗೆ ತಲೆ ಸಿಕ್ಕಿಸಿದರು. ಚೀನಾದಲ್ಲಿ ಓಟಕ್ಕೆ ಮೊದಲು ಡ್ರ್ಯಾಗನ್ನಿನ ಕಣ್ಣಿಗೆ ಕೆಂಪು ಬಣ್ಣದ ಬೊಟ್ಟು ಇಟ್ಟು ಎಬ್ಬಿಸುವ ಪದ್ಧತಿ ಇದೆಯಂತೆ. ನಮ್ಮಲ್ಲಿ ಅತ್ತೆಯೇ ಕುಂಕುಮ ಇಟ್ಟರು, ಒಂದು ಹಿಡಿ ಹೂವನ್ನು ನೀರಿಗೂ ಬಿಟ್ಟರು.

ಹೆಂಗಸರಿಗೆ ಬಟ್ಟೆ ಬದಲಿಸಲು, ಶೌಚಕ್ಕೆ ಸರಿಯಾದ ವ್ಯವಸ್ಥೆ ಇರಲಿಲ್ಲ ಅನ್ನುವುದನ್ನೂ ಬರೆಯಬೇಕು. ಟಾರ್ಪಾಲಿನ ಒಂದು ಮರೆ, ಅದಕ್ಕೆ ಅಷ್ಟುದ್ದದ ಸಾಲು. ಒದ್ದೆ ಬಟ್ಟೆಯಲ್ಲೇ ಕೂತವರು ಬಹಳ ಜನ. ಹೆಣ್ಣುಮಕ್ಕಳನ್ನು ನೀರಿಗೆ ಕರೆಯುವವರು ಮೊದಲು ಇದನ್ನು ನೋಡಿಕೊಳ್ಳಬೇಕು. ಮುಂದಿನ ಸಲಕ್ಕೆ ನಾವು ಬರಹದಲ್ಲೇ ಕೇಳಿದ್ದೇವೆ.

ಮೊದಲ ಸುತ್ತಿನಲ್ಲಿ ಎರಡನೆಯವರಾಗಿ ಫೈನಲ್‌ಗೆ ಬಂದೆವು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲ ಸರಿಯಾಗಿ ಹೋಯಿತು. ಫೈನಲ್‌ನಲ್ಲಿ ನಾಲ್ಕು ದೋಣಿ. ಸಾಲಾಗಿ ನಿಲ್ಲಿಸುವುದೇ ಕಷ್ಟ, ಒಂದು ನಿಂತರೆ ಇನ್ನೊಂದು ತೇಲುತ್ತದೆ. ಹಿಂದೆ ಚುಕ್ಕಾಣಿಯವರು ಒಂದೊಂದೇ ಸಾಲಿಗೆ ‘ಒಂದು ಹುಟ್ಟು ಹಿಂದಕ್ಕೆ’ ಅನ್ನುತ್ತಿದ್ದರು. ‘ಅಟೆನ್ಶನ್’ ಅಂದದ್ದೇ ಹತ್ತು ಅಲಗೂ ನೀರಿನೊಳಗೆ. ಆಗ ಯಾರೂ ಉಸಿರಾಡುವುದಿಲ್ಲ. ಮುಂದಿನವಳ ಜಾಕೆಟ್ಟಿನ ಹಳದಿ ಪಟ್ಟಿಯೊಂದೇ ನನಗೆ ಕಾಣುತ್ತಿತ್ತು, ಅದರ ಒಂದು ಹೊಲಿಗೆ ಬಿಟ್ಟಿತ್ತು.

ಹಾರ್ನ್ ಆಯಿತು. ಮೊದಲ ಐದು ಹುಟ್ಟು ಉದ್ದ, ಆಳ. ನಿಂತ ದೋಣಿ ಬಹಳ ಭಾರ, ಮೊದಲ ಎಳೆತಕ್ಕೆ ಅಲುಗಿದ್ದೂ ಗೊತ್ತಾಗುವುದಿಲ್ಲ. ಮೂರನೆಯದಕ್ಕೆ ತಳದಲ್ಲಿ ನೀರಿನ ಸದ್ದು ಶುರುವಾಗುತ್ತದೆ. ಐದರ ನಂತರ ಹದಿನೈದು ಹುಟ್ಟು ಚಿಕ್ಕದು, ಚುರುಕು. ಆಮೇಲೆ ‘ಉದ್ದ!’ ಅಂತ ಡೊಳ್ಳಿನ ಹುಡುಗಿ ಕೂಗಿದಳು. ಎಲ್ಲರೂ ಮತ್ತೆ ಚಾಚಿದೆವು. ಅಲ್ಲಿಂದ ಮುಂದೆ ನಿಜವಾದ ಓಟ.

ಅರ್ಧ ದಾರಿ ದಾಟಿದ ಮೇಲೆ ಪಕ್ಕದ ದೋಣಿಯ ಅಲೆ ನಮ್ಮ ಎಡಗಡೆಗೆ ಬಡಿಯಿತು. ಎರಡು ಹುಟ್ಟು ಒಂದಕ್ಕೊಂದು ತಾಗಿದ ಟಕ್ ಸದ್ದು ಕೇಳಿಸಿತು. ತಾಳ ಒಡೆಯಿತು. ದೋಣಿ ಕೂತದ್ದು ಸೊಂಟಕ್ಕೆ ಗೊತ್ತಾಯಿತು. ಡೊಳ್ಳಿನ ಹುಡುಗಿ ಎರಡು ಪೆಟ್ಟು ಬಾರಿಸದೆ ಬಿಟ್ಟಳು. ಸದ್ದಿಲ್ಲದೆ ಮೊದಲ ಸಾಲನ್ನೇ ನೋಡಿದಳು. ಆಮೇಲೆ ಇಡೀ ಮೈ ಹಾಕಿ ಒಂದು ಪೆಟ್ಟು, ಅದರ ಜೊತೆಗೆ ‘ಒಂದು!’ ಎಂಬ ಕೂಗು. ಹತ್ತೂ ಹುಟ್ಟು ಬಿದ್ದವು. ‘ಒಂದು!’ ಮತ್ತೆ ಬಿದ್ದವು. ದೋಣಿ ಎದ್ದಿತು. ಕೊನೆಯ ಮೂವತ್ತು ಮೀಟರ್ ನನ್ನ ತೋಳು ಇತ್ತೋ ಇಲ್ಲವೋ ತಿಳಿಯದು. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳುತ್ತಿತ್ತು, ‘ಹಾರೆ! ಹಾರೆ!’ ಅಂತ.

ಮೂರನೆಯವರಾಗಿ ಗೆರೆ ದಾಟಿದೆವು, ಎರಡನೆಯವರಿಗಿಂತ ಅರ್ಧ ದೋಣಿ ಹಿಂದೆ. ‘ಲೆಟ್ ಇಟ್ ರನ್’ ಅಂದ ಮೇಲೆ ಹುಟ್ಟು ಎತ್ತಿ ಹಿಡಿದು, ದೋಣಿ ತಾನಾಗಿ ಓಡಲು ಬಿಟ್ಟೆವು. ನನ್ನ ಹಲಗೆಯ ಹುಡುಗಿ ನನ್ನ ಭುಜಕ್ಕೆ ತಲೆ ಒರಗಿಸಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ನಾಲ್ಕನೇ ಸಾಲಿನ ಅಕ್ಕ ಆ ಕೈಯಲ್ಲೇ ಹುಟ್ಟನ್ನು ಮೇಲಕ್ಕೆತ್ತಿ ಹಿಡಿದಿದ್ದರು, ಇಳಿಸಲೇ ಇಲ್ಲ.

ಗೆದ್ದವರು ಕಾಲೇಜು ಹುಡುಗಿಯರು. ಓಟದ ವಿಡಿಯೋವನ್ನು ಆಮೇಲೆ ಕೂತು ನೋಡಿದೆವು. ಅವರ ಹುಟ್ಟು ನಮಗಿಂತ ನಿಧಾನ ಬೀಳುತ್ತಿತ್ತು! ಆದರೆ ಪ್ರತಿಯೊಂದೂ ನಮಗಿಂತ ಉದ್ದ, ಹತ್ತೂ ಒಟ್ಟಿಗೆ, ಎಲ್ಲೂ ನೀರು ಚಿಮ್ಮುತ್ತಿರಲಿಲ್ಲ. ನಾವು ಅವಸರದಲ್ಲಿ ಚಾಚುವುದನ್ನು ಕಮ್ಮಿ ಮಾಡಿದ್ದೆವು. ಅವರ ಮೊದಲ ಸಾಲಿನ ಹುಡುಗಿ ನಮ್ಮಲ್ಲಿಗೆ ಬಂದು, ಮೈ ಎಷ್ಟು ತಿರುಗಬೇಕು ಅಂತ ನೆಲದ ಮೇಲೆ ಕೂತು ತೋರಿಸಿಕೊಟ್ಟಳು. ಚೆಂದದ ಹುಡುಗಿ.

ಮೈ ನೋವಿನ ವಿಷಯಕ್ಕೆ ಬಂದರೆ, ಮೊದಲು ಸೋಲುವುದು ಅಂಗೈ. ಮೇಲಿನ ಕೈಯ ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಏಳುತ್ತದೆ, ಕೆಳಗಿನ ಕೈಯ ಗೆಣ್ಣು ದೋಣಿಯ ಅಂಚಿಗೆ ಉಜ್ಜಿ ಸುಲಿಯುತ್ತದೆ. ಉಗುರು ಕತ್ತರಿಸಿಕೊಂಡು ಬನ್ನಿ, ಬಳೆ ತೆಗೆದಿಡಿ, ಉದ್ದ ದುಪಟ್ಟಾ ಬೇಡ. ಹಲಗೆಯ ಮೇಲೆ ತೆಳು ಸ್ಪಂಜು ಹಾಸಿಕೊಂಡರೆ ಕೂತ ಜಾಗ ಉಳಿಯುತ್ತದೆ. ಸಂಜೆಗೆ ಕೊಬ್ಬರಿ ಎಣ್ಣೆ, ಬಿಸಿನೀರು. ನಮ್ಮಲ್ಲಿ ಅಡಿಕೆ ಕೊಯ್ಲಿನ ಕಾಲ, ಬೊಕ್ಕೆ ಎದ್ದ ಕೈಯಲ್ಲೇ ರಾತ್ರಿ ಅಡಿಕೆ ಸುಲಿದವರೂ ಇದ್ದಾರೆ.

ದೋಣಿಗಳು ಮಾರನೇ ದಿನ ಲಾರಿ ಹತ್ತಿ ಹೋದವು. ಒಂದು ದೋಣಿಯನ್ನಾದರೂ ಇಲ್ಲೇ ಇಡಿ, ಇಡಲು ಶೆಡ್ ನಾವು ಕಟ್ಟಿಕೊಳ್ಳುತ್ತೇವೆ ಅಂತ ಸಂಘದಿಂದ ಅರ್ಜಿ ಕೊಟ್ಟಿದ್ದೇವೆ. ಉತ್ತರ ಬಂದಿಲ್ಲ. ಬರುವವರೆಗೆ ಸುಮ್ನೆ ಕೂರುವುದು ಬೇಡ, ಈಜು ಕಲಿಯೋಣ ಅಂತ ಎಲ್ಲರೂ ಒಪ್ಪಿದ್ದಾರೆ. ಆಶಾ ಅಕ್ಕ ಪಟ್ಟಿ ಮಾಡುತ್ತಿದ್ದಾರೆ. ತಂಡದವರದಷ್ಟೇ ಅಲ್ಲ, ದಡದಲ್ಲಿ ನಿಂತು ನೋಡಿದ್ದ ಎಷ್ಟೋ ಹೆಂಗಸರ ಹೆಸರು ಅದರಲ್ಲಿದೆ. ಚಿಕ್ಕಮ್ಮ ತಮ್ಮ ಹೆಸರಿನ ಕೆಳಗೆ ಮೊಮ್ಮಗಳ ಹೆಸರನ್ನೂ ಬರೆಸಿದ್ದಾರೆ.